ಐದನೆಯ ಸೀಸನ್‌ಗೆ ಮುಂಚೆ ನಾನು ಬರೆಯುವ ಬಾಕಿ ಪಟ್ಟಿ

ಒಂದು ಸೈನ್ಸ್ ಫಿಕ್ಷನ್ ಸರಣಿಯ ಮೊದಲ ಸೀಸನ್‌ನಲ್ಲಿ ಎಲ್ಲವೂ ಹೊಸದು. ಹಡಗು ಹೊಸದು, ಜನ ಹೊಸಬರು, ಅವರ ಮಾತಿನ ರೀತಿ ಹೊಸದು. ಅರ್ಧ ಕೆಲಸವನ್ನು ಆ ಹೊಸತನವೇ ಮಾಡಿಬಿಡುತ್ತದೆ. ನಾಲ್ಕನೆಯದೋ ಐದನೆಯದೋ ಸೀಸನ್‌ಗೆ ಆ ಅನುಕೂಲ ಇರುವುದಿಲ್ಲ. ಅದರ ತಲೆಯ ಮೇಲೆ ಹಿಂದಿನ ಸೀಸನ್‌ಗಳ ಬಾಕಿ ಕೂತಿರುತ್ತದೆ. ಆ ಬಾಕಿಯನ್ನು ಹೇಗೆ ತೀರಿಸುತ್ತಾರೆ ಅನ್ನುವುದನ್ನು ನೋಡಿಯೇ ನಾನು ಅದರ ಗುಣಮಟ್ಟ ಹೇಳುತ್ತೇನೆ.

ನನ್ನದು ಮುಂಬೈಯಲ್ಲಿ ಟಿವಿ ಸೀರಿಯಲ್ ಎಡಿಟಿಂಗ್ ಕೆಲಸ. ಮನೆ ಡೊಂಬಿವಲಿಯಲ್ಲಿ, ಆಫೀಸು ಅಂಧೇರಿಯಲ್ಲಿ. ಕಥೆಯನ್ನು ಎಳೆದಾಗ ಏನಾಗುತ್ತದೆ ಅಂತ ನಮ್ಮ ಎಡಿಟ್ ರೂಮಿನಲ್ಲಿ ದಿನಾ ಕಾಣುತ್ತದೆ. ಟಿಆರ್‌ಪಿ ಇಳಿದರೆ ಕಥೆಗೆ ಒಂದು ಲೀಪ್ ಕೊಡುತ್ತಾರೆ, ಅಂದರೆ ಕೆಲವು ವರ್ಷ ಮುಂದಕ್ಕೆ ಹಾರಿಸುತ್ತಾರೆ. ನಟ ಬಿಟ್ಟು ಹೋದರೆ ಅದೇ ಪಾತ್ರಕ್ಕೆ ಹೊಸ ಮುಖ ಬರುತ್ತದೆ. ಹಳೆಯ ಟ್ರ್ಯಾಕ್ ಅರ್ಧಕ್ಕೇ ನಿಂತುಹೋಗುತ್ತದೆ, ಯಾರೂ ಕೇಳುವುದಿಲ್ಲ. ಹಾಗಾಗಿ ದೊಡ್ಡ ಸರಣಿಗಳ ಕೊನೆಯ ಸೀಸನ್‌ಗಳನ್ನು ನೋಡುವಾಗ ನನ್ನ ಕಣ್ಣು ಈ ಹೊಲಿಗೆಗಳ ಮೇಲೆಯೇ ಹೋಗುತ್ತದೆ.

'ದಿ ಎಕ್ಸ್‌ಪಾನ್ಸ್' ಐದು ಮತ್ತು ಆರನೆಯ ಸೀಸನ್‌ಗಳನ್ನು ನಾನು ಹೇಗೆ ನೋಡಿದೆ ಅಂತ ಹೇಳುತ್ತೇನೆ. ಭೂಮಿ, ಮಂಗಳ ಮತ್ತು ಬೆಲ್ಟರ್‌ಗಳ ನಡುವಿನ ಜಗಳದ ಕಥೆ ಅದು. ಕ್ಷುದ್ರಗ್ರಹಗಳ ಕಡೆ, ಕಡಿಮೆ ಗುರುತ್ವದಲ್ಲಿ ಬೆಳೆದವರು ಬೆಲ್ಟರ್‌ಗಳು. ನಡುವೆ ಒಂದೇ ಹಡಗಿನ ನಾಲ್ವರು: ಕ್ಯಾಪ್ಟನ್ ಹೋಲ್ಡನ್, ನಯೋಮಿ, ಏಮಸ್, ಅಲೆಕ್ಸ್. ನೋಡದವರು ಮೊದಲು ನೋಡಿ ಬನ್ನಿ. ಮುಂದೆ ಕಥೆಯೆಲ್ಲ ಬಿಚ್ಚಿಕೊಳ್ಳುತ್ತದೆ.

ಸ್ವಲ್ಪ ಹಿನ್ನೆಲೆ. ಮೂರು ಸೀಸನ್ ಆದ ಮೇಲೆ 2018ರ ಮೇ ತಿಂಗಳಲ್ಲಿ ಸೈಫೈ ಚಾನೆಲ್ ಇದನ್ನು ನಿಲ್ಲಿಸಿತು. ಅದೇ ತಿಂಗಳು ಅಮೆಜಾನ್ ಎತ್ತಿಕೊಂಡಿತು. ನಾಲ್ಕನೆಯ ಸೀಸನ್ 2019ರ ಡಿಸೆಂಬರ್‌ನಲ್ಲಿ ಒಟ್ಟಿಗೇ ಬಂತು. ಐದನೆಯದು 2020ರ ಡಿಸೆಂಬರ್‌ನಲ್ಲಿ ಮೊದಲ ಮೂರು ಎಪಿಸೋಡ್ ಒಟ್ಟಿಗೆ, ಆಮೇಲೆ ವಾರಕ್ಕೊಂದರಂತೆ ಬಂತು. ಈ ವ್ಯತ್ಯಾಸ ಸಣ್ಣದಲ್ಲ. ಒಂದೇ ರಾತ್ರಿ ಐದು ಎಪಿಸೋಡ್ ನೋಡುವವರಿಗೆ ನಿಧಾನ ಗೊತ್ತಾಗುವುದಿಲ್ಲ. ವಾರ ಕಾದು ನೋಡಿದವರಿಗೆ ಅದೇ ನಿಧಾನ ಚುಚ್ಚುತ್ತದೆ. ಅದಕ್ಕೇ ಸೀಸನ್ ಪೂರ್ತಿ ಮುಗಿಯುವ ತನಕ ನಾನು ಯಾರ ಹತ್ತಿರವೂ ತೀರ್ಪು ಹೇಳುವುದಿಲ್ಲ.

ಹೊಸ ಸೀಸನ್ ಶುರು ಮಾಡುವ ಮುಂಚೆ ಹಿಂದಿನದರ ಕೊನೆಯ ಎರಡು ಎಪಿಸೋಡ್ ಮತ್ತೆ ನೋಡುತ್ತೇನೆ. ಆಮೇಲೆ ಒಂದು ಹಾಳೆಯಲ್ಲಿ ಬಾಕಿ ಪಟ್ಟಿ ಬರೆಯುತ್ತೇನೆ. ಯಾರು ಯಾರಿಗೆ ಏನು ಉಳಿಸಿಕೊಂಡಿದ್ದಾರೆ? ಯಾವ ಪ್ರಶ್ನೆ ಹಾಗೇ ನಿಂತಿದೆ? ಐದನೆಯ ಸೀಸನ್‌ಗೆ ನಾನು ಮೊದಲು ಬರೆದದ್ದು ನಯೋಮಿಯ ಹೆಸರು. ಅವಳು ಹಿಂದೆ ಬಿಟ್ಟು ಬಂದ ಮಗ ಫಿಲಿಪ್, ಆ ಮಗನ ಅಪ್ಪ, ಬೆಲ್ಟರ್ ಬಂಡಾಯಗಾರ ಮಾರ್ಕೋ. ಎರಡನೆಯದು ಭೂಮಿಯ ಹಿರಿಯ ರಾಜಕಾರಣಿ ಅವಸರಾಲ. ಸರಣಿಯ ಮೊದಲ ಎಪಿಸೋಡ್‌ನಲ್ಲೇ ಒಬ್ಬ ಬೆಲ್ಟರ್‌ನನ್ನು ಭೂಮಿಯ ಗುರುತ್ವದಲ್ಲಿ ನೇತುಹಾಕಿ ಹಿಂಸಿಸಿದವಳು ಅವಳು. ಅದರ ಲೆಕ್ಕ ಯಾರೂ ಕೇಳಿರಲಿಲ್ಲ.

ಮೊದಲ ಸಲ ಮನೆಯ ಟಿವಿಯಲ್ಲೇ ನೋಡುತ್ತೇನೆ. ಲೋಕಲ್ ಟ್ರೇನಿನಲ್ಲಿ ಮೊಬೈಲ್ ಹಿಡಿದು ನೋಡಿದರೆ ಕಪ್ಪು ಆಕಾಶದಲ್ಲಿ ಏನೂ ಕಾಣುವುದಿಲ್ಲ, ಇಂಜಿನ್ ನಿಂತಾಗಿನ ಮೌನವೂ ಕೇಳುವುದಿಲ್ಲ. ಎರಡನೆಯ ಸಲ ಆರಿಸಿದ ಎಪಿಸೋಡ್ ಮಾತ್ರ. ಆಗ ಪ್ರತಿ ದೃಶ್ಯದ ಮುಂದೆ ಒಂದೇ ಪ್ರಶ್ನೆ ಬರೆದುಕೊಳ್ಳುತ್ತೇನೆ: ಇಲ್ಲಿ ನಿರ್ಧಾರ ಮಾಡಿದ್ದು ಯಾರು? ಸರಣಿ ಸೊರಗುತ್ತಾ ಬಂದಾಗ ಪಾತ್ರಗಳು ನಿರ್ಧಾರ ಮಾಡುವುದನ್ನು ಬಿಟ್ಟುಬಿಡುತ್ತವೆ. ಸುಮ್ನೆ ಏನೋ ಸ್ಫೋಟ ಆಗುತ್ತದೆ, ಎಲ್ಲರೂ ಓಡುತ್ತಾರೆ. ಕೆಲವು ದೃಶ್ಯಗಳನ್ನು ಸೌಂಡ್ ತೆಗೆದು ನೋಡುತ್ತೇನೆ. ಚಿತ್ರ ತಾನಾಗಿ ಏನೂ ಹೇಳದಿದ್ದರೆ, ಬರೆಯುವವರು ಮಾತಿನಲ್ಲಿ ತೇಪೆ ಹಾಕುತ್ತಿದ್ದಾರೆ ಅಂತ ಅರ್ಥ.

ನನ್ನ ತಂಗಿಯ ಮಗ ನನಗಿಂತ ಮುಂಚೆ ನೋಡಿದ್ದ. "ಮಾಮಾ, ಐದನೇ ಸೀಸನ್ ಬೋರು. ಎಲ್ಲರೂ ಬೇರೆ ಬೇರೆ ಕಡೆ ಹೋಗ್ತಾರೆ, ಫೈಟೇ ಇಲ್ಲ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಏಮಸ್ ಭೂಮಿಗೆ ಹೋಗುತ್ತಾನೆ, ಅಲೆಕ್ಸ್ ಮಂಗಳಕ್ಕೆ, ನಯೋಮಿ ಮಗನನ್ನು ಹುಡುಕಿಕೊಂಡು. ಹೋಲ್ಡನ್ ಟೈಕೋ ನಿಲ್ದಾಣದಲ್ಲಿ ಉಳಿಯುತ್ತಾನೆ. ಮೊದಲ ಕೆಲವು ಎಪಿಸೋಡ್ ನಿಧಾನವೇ. ಆದರೆ ನನ್ನ ಹಾಳೆಯಲ್ಲಿ ಪ್ರತಿ ದೃಶ್ಯದ ಮುಂದೆ ಒಂದು ಹೆಸರಿತ್ತು. ಯಾರನ್ನೂ ಯಾರೂ ತಳ್ಳಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಹಳೆಯ ಬಾಕಿಯ ಕಡೆಗೆ ತಾವೇ ನಡೆದಿದ್ದರು.

ಇದೆಲ್ಲ ಫಲ ಕೊಡುವುದು ಎಂಟನೆಯ ಎಪಿಸೋಡ್‌ನಲ್ಲಿ. ಅದಕ್ಕೆ ಮುಂಚೆ ನಯೋಮಿ ಮಾರ್ಕೋನ ಹಡಗಿನಿಂದ ಸ್ಪೇಸ್ ಸೂಟ್ ಇಲ್ಲದೆ ಶೂನ್ಯಕ್ಕೆ ಹಾರಿರುತ್ತಾಳೆ. ರಕ್ತಕ್ಕೆ ಆಮ್ಲಜನಕ ಕೊಡುವ ಒಂದು ಇಂಜೆಕ್ಷನ್ ಅಷ್ಟೇ ಅವಳ ರಕ್ಷಣೆ. ಅವಳು ಸೇರುವ ಹಡಗಿನಲ್ಲಿ ಬಾಂಬ್ ಇದೆ. ಹತ್ತಿರ ಬಂದವರನ್ನು ಕೊಲ್ಲಲು ಇಟ್ಟ ಬಲೆ ಅದು. ಅವಳದೇ ಧ್ವನಿಯಲ್ಲಿ ಒಂದು ನಕಲಿ ಸಂದೇಶ ಮತ್ತೆ ಮತ್ತೆ ಹೋಗುತ್ತಿರುತ್ತದೆ: ನಾನು ಅಪಾಯದಲ್ಲಿದ್ದೇನೆ, ಹಡಗು ನನ್ನ ಹಿಡಿತದಲ್ಲಿಲ್ಲ, ಹೋಲ್ಡನ್‌ಗೆ ಹೇಳಿ. ಅವಳ ಹತ್ತಿರ ಮೈಕ್ ಇಲ್ಲ. ಆ ಸಂದೇಶವನ್ನು ಸರಿಯಾದ ಜಾಗದಲ್ಲಿ ತುಂಡು ಮಾಡುವುದು ಮಾತ್ರ ಸಾಧ್ಯ. ನಡುವಿನ ಮಾತುಗಳನ್ನು ಕಟ್ ಮಾಡಿ, ಎಲ್ಲ ತನ್ನ ಹಿಡಿತದಲ್ಲಿದೆ ಅಂತ ಕೇಳಿಸುವ ಹಾಗೆ ಮಾಡುತ್ತಾಳೆ. ಅವಳನ್ನು ಬಲ್ಲವರಿಗೆ ಮಾತ್ರ ಅದು ವಿಚಿತ್ರ ಅನ್ನಿಸಬೇಕು. ನಾನು ದಿನಾ ಮಾಡುವ ಕೆಲಸವನ್ನೇ ಒಬ್ಬಳು ಜೀವ ಹಿಡಿದುಕೊಂಡು ಮಾಡುತ್ತಿದ್ದಳು. ಆ ಭಾಗವನ್ನು ಸೌಂಡ್ ತೆಗೆದೂ ನೋಡಿದೆ. ನಯೋಮಿ ಪಾತ್ರ ಮಾಡಿದ ಡೊಮಿನಿಕ್ ಟಿಪ್ಪರ್ ಅವರ ಮುಖ, ಕೈ, ಬೆನ್ನು ಸಾಕಾಗುತ್ತವೆ. ಮಾತಾಡಲು ಜೊತೆಯಲ್ಲಿ ಇನ್ನೊಬ್ಬರಿಲ್ಲದೆ ಅಷ್ಟು ಹೊತ್ತು ಹಿಡಿದು ಕೂರಿಸುವುದು ಎಷ್ಟು ಕಷ್ಟ ಅಂತ ಎಡಿಟ್ ಮಾಡುವವರಿಗೆ ಗೊತ್ತು. ಮೊದಲ ಸೀಸನ್‌ನಲ್ಲಿ ಇದೇ ಎಪಿಸೋಡ್ ಇಟ್ಟಿದ್ದರೆ ಅರ್ಧ ಜನ ಎದ್ದು ಹೋಗುತ್ತಿದ್ದರು. ನಾಲ್ಕು ಸೀಸನ್ ಅವಳ ಜೊತೆ ಇದ್ದ ಮೇಲೆ ಯಾರೂ ಏಳುವುದಿಲ್ಲ, ಅಲ್ವಾ?

ಅವಸರಾಲಳ ಬಾಕಿಯೂ ಇಲ್ಲೇ ತೀರುತ್ತದೆ. ಮಾರ್ಕೋ ಬಾಹ್ಯಾಕಾಶದಿಂದ ಎಸೆದ ಕ್ಷುದ್ರಗ್ರಹದ ಕಲ್ಲುಗಳಿಂದ ಭೂಮಿಯಲ್ಲಿ ಲಕ್ಷಾಂತರ ಜನ ಸತ್ತಿದ್ದಾರೆ. ಅವಳು ಗಂಡನನ್ನು ಕಳೆದುಕೊಂಡಿದ್ದಾಳೆ. ಬೆಲ್ಟರ್‌ಗಳ ಪಲ್ಲಾಸ್ ನಿಲ್ದಾಣದ ಮೇಲೆ ಭೂಮಿ ಸೇಡಿನ ದಾಳಿ ಮಾಡಿದ ಮೇಲೆ, ಇನ್ನಷ್ಟು ಬೆಲ್ಟರ್ ಜನರನ್ನು ಕೊಲ್ಲುವುದು ಬೇಡ ಅಂತ ಎದ್ದು ನಿಲ್ಲುವವಳು ಅವಳೇ. ಬದಲಾಗಲು ಕಾರಣವಿದ್ದ ಪಾತ್ರ, ಸಿಟ್ಟಾಗಲು ಇನ್ನೂ ಜಾಸ್ತಿ ಕಾರಣವಿದ್ದ ಹೊತ್ತಿನಲ್ಲಿ ಬದಲಾಯಿತು. ಆ ಪಾತ್ರ ಮಾಡಿದ ಶೋಹ್ರೆ ಅಗ್ದಶ್ಲೂ ಇದನ್ನು ಗಂಟಲು ಏರಿಸದೆ ಮಾಡಿದ್ದಾರೆ.

ಇನ್ನು ಅಲೆಕ್ಸ್ ಸಾವು. ನಟ ಹೊರಗೆ ಹೋಗಬೇಕಾಗಿ ಬಂದದ್ದರಿಂದ ಆ ಪಾತ್ರವನ್ನು ಐದನೆಯ ಸೀಸನ್ ಕೊನೆಯಲ್ಲಿ ಮುಗಿಸಿದರು. ನಯೋಮಿಯನ್ನು ಉಳಿಸಲು ಹಡಗನ್ನು ಜೋರಾಗಿ ಓಡಿಸಿದಾಗ ಅವನಿಗೆ ಸ್ಟ್ರೋಕ್ ಆಗುತ್ತದೆ. ಮೂಲ ಕಾದಂಬರಿಗಳಲ್ಲಿ ಹೀಗೆ ಸಾಯುವುದು ಟೈಕೋ ನಿಲ್ದಾಣದ ಮುಖ್ಯಸ್ಥ ಫ್ರೆಡ್ ಜಾನ್ಸನ್. ದೃಶ್ಯದಲ್ಲಿ ಹೊಲಿಗೆ ಕಾಣುತ್ತದೆ. ಸಾವು ಥಟ್ಟನೆ ಬರುತ್ತದೆ, ವಿದಾಯಕ್ಕೆ ಜಾಗವೇ ಇಲ್ಲ. ಆದರೂ ನಾನು ಇದಕ್ಕೆ ಅಂಕ ಕಳೆಯಲಿಲ್ಲ. ಹೆಚ್ಚಿನ ವೇಗೋತ್ಕರ್ಷ ದೇಹವನ್ನು ಹಿಂಡುತ್ತದೆ, ಅದಕ್ಕೇ 'ಜ್ಯೂಸ್' ಎಂಬ ಔಷಧ ಚುಚ್ಚುತ್ತಾರೆ ಅಂತ ಮೊದಲ ಸೀಸನ್‌ನಿಂದಲೇ ತೋರಿಸಿದ್ದರು. ಆ ಅಪಾಯ ಅಷ್ಟು ದಿನ ಮುಖ್ಯ ಪಾತ್ರಗಳನ್ನು ಮುಟ್ಟದೆ ಇದ್ದದ್ದೇ ಒಂದು ಬಾಕಿ. ನಮ್ಮ ಕಡೆಯ ಹಾಗೆ ಹೊಸ ಮುಖ ತಂದು ಕೂರಿಸಲಿಲ್ಲ. ಅದನ್ನು ನಾನು ಗೌರವಿಸುತ್ತೇನೆ.

ತೆರೆಯ ಹಿಂದಿನ ಕಷ್ಟವನ್ನು ನಾನು ಬೇರೆ ಹಾಳೆಯಲ್ಲಿ ಬರೆಯುತ್ತೇನೆ. ಅದು ಕಾರಣ ಹೇಳುತ್ತದೆ, ಅಂಕ ಕೊಡುವುದಿಲ್ಲ. 'ಬ್ಯಾಬಿಲಾನ್ 5' ಸರಣಿಯಲ್ಲಿ ಐದು ವರ್ಷದ ಕಥೆಯನ್ನು ಮೊದಲೇ ಯೋಚಿಸಿದ್ದರು. ಐದನೆಯ ಸೀಸನ್ ಸಿಗುತ್ತದೋ ಇಲ್ಲವೋ ಅನ್ನುವ ಭಯಕ್ಕೆ ದೊಡ್ಡ ಯುದ್ಧಗಳನ್ನೆಲ್ಲ ನಾಲ್ಕರಲ್ಲೇ ಮುಗಿಸಿದರು. ಆಮೇಲೆ ಐದನೆಯದು ಸಿಕ್ಕಿತು. ಅದರ ಮೊದಲರ್ಧ ಸಪ್ಪೆ. ಕಾರಣ ಗೊತ್ತಿದ್ದರೂ ಸಪ್ಪೆಯೇ.

'ದಿ ಎಕ್ಸ್‌ಪಾನ್ಸ್' ಆರನೆಯ ಸೀಸನ್‌ನ ಕಷ್ಟ ಅದರ ಅಳತೆ. ಬರೀ ಆರು ಎಪಿಸೋಡ್. ಇಲ್ಲಿಯೂ ಮುಖ್ಯ ಬಾಕಿ ತೀರುತ್ತದೆ. ದೂರದ ನಕ್ಷತ್ರಗಳಿಗೆ ದಾರಿಯಾದ 'ರಿಂಗ್' ದ್ವಾರದ ಒಳಗಿನ ನಿಗೂಢ ಶಕ್ತಿಗಳು ಹಡಗುಗಳನ್ನು ಯಾವಾಗ ನುಂಗುತ್ತವೆ ಅಂತ ಕಂಡುಹಿಡಿಯುವವಳು ನಯೋಮಿ. ಮಾರ್ಕೋನ ಹಡಗಿನಲ್ಲಿ ಮಗ ಇದ್ದಾನೆ ಅಂದುಕೊಂಡೇ ಅವಳು ಅದನ್ನು ಬಳಸುತ್ತಾಳೆ. ಫಿಲಿಪ್ ಅಷ್ಟರಲ್ಲಿ ಹಡಗು ಬಿಟ್ಟಿರುವುದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಈ ಕೊನೆ ನನಗೆ ಪೂರ್ತಿ ಒಪ್ಪಿಗೆ. ರಿಂಗ್ ಸಾರಿಗೆ ನೋಡಿಕೊಳ್ಳುವ ಹೊಸ ಒಕ್ಕೂಟದಲ್ಲಿ ಹೋಲ್ಡನ್ ತನಗೆ ಸಿಕ್ಕ ಅಧ್ಯಕ್ಷ ಪದವಿಯನ್ನು ಬೆಲ್ಟರ್ ನಾಯಕಿ ಡ್ರಮ್ಮರ್‌ಗೆ ಬಿಟ್ಟುಕೊಡುವುದೂ ಒಪ್ಪಿಗೆ.

ಒಪ್ಪದೇ ಇರುವುದು ರಿಂಗ್ ಆಚೆಗಿನ ಲಕೋನಿಯಾ ಗ್ರಹದ ದೃಶ್ಯಗಳು. ಪ್ರತಿ ಎಪಿಸೋಡ್ ಶುರುವಿಗೆ ಕಾರಾ ಎಂಬ ಹುಡುಗಿ, ಅವಳ ತಮ್ಮ, ಸತ್ತವರನ್ನು ಎಬ್ಬಿಸುವ ಆ ಪ್ರಾಣಿಗಳು ಬರುತ್ತವೆ. ದೃಶ್ಯಗಳು ಚೆನ್ನಾಗಿವೆ. ಆದರೆ ಮುಖ್ಯ ಕಥೆಗೆ ಅವು ಸೇರುವುದೇ ಇಲ್ಲ. ಇರುವ ಆರೇ ಎಪಿಸೋಡ್‌ನಲ್ಲಿ ಆ ನಿಮಿಷಗಳನ್ನು ಮಾರ್ಕೋನ ಜನರಿಗೆ ಕೊಟ್ಟಿದ್ದರೆ ಅವರು ಅವನನ್ನು ಯಾಕೆ ಬಿಟ್ಟು ಹೋದರು ಅನ್ನುವುದು ಇನ್ನಷ್ಟು ಗಟ್ಟಿಯಾಗುತ್ತಿತ್ತು. "ಮುಂದಿನ ಪುಸ್ತಕಗಳಿಗೆ ಬಾಗಿಲು ತೆರೆದಿಟ್ಟಿದ್ದಾರೆ ಮಾಮಾ" ಅಂತ ತಂಗಿಯ ಮಗ ವಾದಿಸುತ್ತಾನೆ. ಏಳನೆಯ ಸೀಸನ್ ಇಲ್ಲ ಅಂತ ಗೊತ್ತಿದ್ದ ಮೇಲೆ ಆ ನಿಮಿಷಗಳು ಮುಗಿಯುವ ಕಥೆಗೆ ಸಲ್ಲಬೇಕಿತ್ತು ಅಂತ ನಾನು ಹೇಳುತ್ತೇನೆ. ನನ್ನ ಹಾಳೆಯಲ್ಲಿ ಐದನೆಯ ಸೀಸನ್ ಮೇಲೆ, ಆರನೆಯದು ಅದರ ಕೆಳಗೆ.