ಪಿಟಿಒಗೆ ಹೈಡ್ರಾಲಿಕ್ ಪಂಪು ಕೂರಿಸಿದ್ದು: ನನ್ನ ಅನುಭವ

ತಿಪ್ಪೆ ಗೊಬ್ಬರ ಟ್ರೇಲರಿಗೆ ತುಂಬೋಕೆ ಆಳು ಸಿಗೋದು ಕಷ್ಟ ಅಂತ ಟ್ರ್ಯಾಕ್ಟರಿನ ಮುಂದೆ ಬಕೆಟ್ ಹಾಕಿಸಿದೆ. ಅದನ್ನು ಎತ್ತೋಕೆ ಒತ್ತಡದ ಎಣ್ಣೆ ಬೇಕು. ಗಾಡಿಯ ಲಿಫ್ಟ್ ಪಂಪಿನಿಂದಲೇ (ಹಿಂದಿನ ಸಲಕರಣೆ ಎತ್ತುವ ಎಣ್ಣೆ ಪಂಪು) ಒಂದು ಲೈನ್ ಎಳೆದುಬಿಡಿ ಅಂದವರೇ ಜಾಸ್ತಿ. ನನಗದು ಒಪ್ಪಿಗೆಯಾಗಲಿಲ್ಲ. ನನ್ನ ಗಾಡಿಯಲ್ಲಿ ಗೇರ್‌ಬಾಕ್ಸಿಗೂ ಲಿಫ್ಟಿಗೂ ಒಂದೇ ಎಣ್ಣೆ. ಬಕೆಟ್ ಸಿಲಿಂಡರಿಗೆ ಸೇರುವ ಧೂಳು, ಕಬ್ಬಿಣದ ಪುಡಿ ಎಲ್ಲ ಗೇರುಗಳ ನಡುವೆ ಹೋಗುತ್ತದೆ. ಪ್ರತ್ಯೇಕ ಪಂಪು, ಪ್ರತ್ಯೇಕ ಟ್ಯಾಂಕ್ ಅಂತ ತೀರ್ಮಾನಿಸಿದೆ.

ಎಂಜಿನ್ನಿನ ಮುಂದೆ ಕ್ರ್ಯಾಂಕ್ ಪುಲ್ಲಿಗೆ ಕೂರಿಸುವವರಿದ್ದಾರೆ. ನಾನು ಹಿಂದಿನ ಪಿಟಿಒಗೇ (ಸಲಕರಣೆ ಓಡಿಸಲು ಎಂಜಿನ್ ತಿರುಗಿಸುವ ಶಾಫ್ಟು) ಹಾಕಿದೆ, ಬೇಡದಾಗ ಬಿಚ್ಚಿಡಬಹುದು ಅಂತ. ಆದರೆ ಒಂದು ಮಾತು: ಸಿಂಗಲ್ ಕ್ಲಚ್ ಗಾಡಿಯಾದರೆ ಈ ದಾರಿಗೆ ಬರಲೇಬೇಡಿ. ಕ್ಲಚ್ ಒತ್ತಿದ ಕೂಡಲೇ ಪಿಟಿಒ ನಿಲ್ಲುತ್ತದೆ, ಬಕೆಟ್ಟೂ ನಿಲ್ಲುತ್ತದೆ. ಗೊಬ್ಬರ ತುಂಬುವಾಗ ಹಿಂದೆ ಮುಂದೆ ಮಾಡ್ತಾ ಕಾಲು ಕ್ಲಚ್ ಮೇಲೇ ಇರುತ್ತಲ್ಲ. ನನ್ನದು ಡಬಲ್ ಕ್ಲಚ್. ಅರ್ಧ ಒತ್ತಿದರೆ ಗಾಡಿ ನಿಲ್ಲುತ್ತದೆ, ಪಂಪು ತಿರುಗುತ್ತಲೇ ಇರುತ್ತದೆ.

ಪಿಟಿಒ ವೇಗ ನಿಮಿಷಕ್ಕೆ 540 ಸುತ್ತು. ಗೇರ್ ಪಂಪಿಗೆ ಅದು ಸಾಲದು. ಹಾಗಾಗಿ ನಡುವೆ ಒಂದಕ್ಕೆ ಮೂರರ ಗೇರ್‌ಬಾಕ್ಸ್ ಹಾಕಿ 1620ಕ್ಕೆ ಏರಿಸಿದೆ. ಸುತ್ತಿಗೆ 25 ಸಿಸಿ ಎಣ್ಣೆ ತಳ್ಳುವ ಪಂಪು ಆ ವೇಗದಲ್ಲಿ, ಸೋರಿಕೆ ಕಳೆದು, ನಿಮಿಷಕ್ಕೆ ಸುಮಾರು 38 ಲೀಟರ್ ಕೊಡುತ್ತದೆ. 63 ಎಂಎಂ ಬೋರಿನ, 600 ಎಂಎಂ ಸ್ಟ್ರೋಕಿನ ಎರಡು ಸಿಲಿಂಡರಿಗೆ ಪೌನೇ ನಾಲ್ಕು ಲೀಟರ್ ಬೇಕು. ಅಂದರೆ ಆರು ಸೆಕೆಂಡಿಗೆ ಬಕೆಟ್ ಮೇಲೆ. 150 ಬಾರ್ ಒತ್ತಡದಲ್ಲಿ ಸುಮಾರು 13 ಎಚ್‌ಪಿ ತಿನ್ನುತ್ತದೆ.

ಪಂಪು ಕೊಳ್ಳುವಾಗ ತಿರುಗುವ ದಿಕ್ಕು ಹೇಳಿಯೇ ಕೊಳ್ಳಬೇಕು. ಗಾಡಿಯ ಹಿಂದೆ ನಿಂತು ನೋಡಿದರೆ ಪಿಟಿಒ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಪಂಪಿನ ದಿಕ್ಕನ್ನು ಮಾತ್ರ ಅದರ ಶಾಫ್ಟಿನ ಕಡೆಯಿಂದ ನೋಡಿ ಹೇಳುತ್ತಾರೆ. ಆ ಶಾಫ್ಟು ಗಾಡಿಯ ಕಡೆ ಮುಖ ಮಾಡಿರುವುದರಿಂದ, ನೇರ ಜೋಡಿಸಿದರೆ ಎಡಕ್ಕೆ ತಿರುಗುವ ಪಂಪು ಬೇಕು. ನನ್ನ ಗೇರ್‌ಬಾಕ್ಸಿನಲ್ಲಿ ಒಂದೇ ಜೊತೆ ಗೇರು ಇರುವುದರಿಂದ ದಿಕ್ಕು ತಿರುವುಮುರುವಾಗಿ ಬಲಕ್ಕೆ ತಿರುಗುವುದು ಬೇಕಾಯಿತು.

ಪಿಟಿಒ ಶಾಫ್ಟಿನ ಹಲ್ಲುಗಳಿಗೆ (ಸ್ಪ್ಲೈನ್) ಗ್ರೀಸ್ ಬಳಿದು ಗೇರ್‌ಬಾಕ್ಸನ್ನು ಶಾಫ್ಟಿಗೆ ನೂಕಿದರೆ ಸಾಲದು, ಅದರ ಬಾಡಿಯೇ ಶಾಫ್ಟಿನ ಜೊತೆ ಸುತ್ತಲು ನೋಡುತ್ತದೆ. ಒಂದಡಿ ದೂರದಲ್ಲಿ ಹಿಡಿದರೂ ಎಳೆತ 60 ಕೆಜಿಯ ಹತ್ತಿರ. ಲೇಥ್‌ನವನು ಗಟ್ಟಿ ಪಟ್ಟಿ ಬೆಸುಗೆ ಹಾಕಿ ಬೋಲ್ಟ್ ಮಾಡೋಣ ಅಂದ. ನಾನು ಬೇಡ ಅಂದೆ. ಪೂರಾ ಬಿಗಿದರೆ ಸ್ವಲ್ಪ ಓರೆಯಿದ್ದರೂ ಪಿಟಿಒ ಬೇರಿಂಗ್ ಮೇಲೆ ಭಾರ ಬೀಳುತ್ತದೆ. ಗೇರ್‌ಬಾಕ್ಸಿನ ಕಿವಿಯಿಂದ, ಟ್ರೇಲರ್ ಎಳೆಯುವ ಡ್ರಾಬಾರಿಗೆ ಎರಡು ಕಡೆ ಸರಪಳಿ ಕಟ್ಟಿದೆ, ಬೆರಳಷ್ಟು ಸಡಿಲ ಬಿಟ್ಟು. ಈಗಲೂ ಅದೇ ಇದೆ.

ಜನ ಪಂಪಿನ ಕಂಪನಿ ಕೇಳ್ತಾರೆ. ಪಂಪಿನ ಆಯಸ್ಸು ಇರೋದು ಸಕ್ಷನ್ ಪೈಪಿನಲ್ಲಿ, ಅಂದರೆ ಟ್ಯಾಂಕಿನಿಂದ ಎಣ್ಣೆ ಎಳೆಯುವ ಪೈಪಿನಲ್ಲಿ. ಪ್ರೆಶರ್ ಲೈನಿಗೆ ಅರ್ಧ ಇಂಚು ಸಾಕು, ಎಣ್ಣೆ ಟ್ಯಾಂಕಿಗೆ ಮರಳುವ ರಿಟರ್ನಿಗೆ ಮುಕ್ಕಾಲು. ಸಕ್ಷನ್ನಿಗೆ ಮಾತ್ರ ಒಂದೂಕಾಲು ಇಂಚಿನ, ಒಳಗೆ ತಂತಿ ಸುರುಳಿಯಿರುವ ಹೋಸ್ ಹಾಕಿದೆ. ಸಾದಾ ಹೋಸ್ ಎಳೆತಕ್ಕೆ ಚಪ್ಪಟೆಯಾಗುತ್ತದೆ. 60 ಲೀಟರಿನ ಟ್ಯಾಂಕನ್ನು ಪಂಪಿಗಿಂತ ಎತ್ತರದಲ್ಲಿಟ್ಟೆ. ರಿಟರ್ನ್ ಪೈಪಿನ ತುದಿ ಎಣ್ಣೆಯೊಳಗೇ ಮುಳುಗಿರಬೇಕು, ಸಕ್ಷನ್ನಿಗೂ ಅದಕ್ಕೂ ನಡುವೆ ತಗಡಿನ ಅಡ್ಡಗೋಡೆ ಇರಬೇಕು. ಇಲ್ಲದಿದ್ದರೆ ನೊರೆಯನ್ನೇ ಪಂಪು ಮತ್ತೆ ಎಳೆಯುತ್ತದೆ. ಹೈಡ್ರಾಲಿಕ್ ಎಣ್ಣೆ ನಮ್ಮ ಬಿಸಿಲಿಗೆ 68 ನಂಬರಿನದು (ನಂಬರು ಎಣ್ಣೆಯ ಮಂದತನದ ಅಳತೆ).

ಶುರು ಮಾಡುವ ಮೊದಲು ಪಂಪಿನ ಬಾಯಿಗೆ ಎಣ್ಣೆ ಸುರಿದು, ಕೈಯಲ್ಲೇ ತಿರುಗಿಸಿ ಒಳಗೆ ಇಳಿಸಿದೆ. ಎಂಜಿನ್ ಐಡಲ್‌ನಲ್ಲಿಟ್ಟು ಪಿಟಿಒ ಹಾಕಿದರೆ ಡಬ್ಬಿಯಲ್ಲಿ ಹರಳು ಕುಲುಕಿದಂತೆ ಸದ್ದು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ: ಎಣ್ಣೆ ಹಾಲಿನ ಬಣ್ಣ, ಮೇಲೆ ನೊರೆ. ನೊರೆಯಿಲ್ಲದೆ ಬರೀ ಸದ್ದಾಗಿದ್ದರೆ ಸ್ಟ್ರೇನರ್ (ಸಕ್ಷನ್ನಿನ ಜಾಲರಿ) ಕಟ್ಟಿದೆ ಅಂತ ಅನುಮಾನ ಪಡಬಹುದಿತ್ತು. ನೊರೆ ಅಂದರೆ ಎಲ್ಲೋ ಗಾಳಿ ಎಳೀತಿದೆ. ಎಣ್ಣೆಡಬ್ಬಿ ಹಿಡಿದು ಸಕ್ಷನ್ನಿನ ಒಂದೊಂದೇ ಜಾಯಿಂಟಿನ ಮೇಲೆ ಹನಿಸುತ್ತಾ ಹೋದೆ. ಟ್ಯಾಂಕಿನ ಹತ್ತಿರದ ಕ್ಲಿಪ್ಪಿಗೆ ಹನಿ ಬಿದ್ದಾಗ ಸದ್ದು ಥಟ್ಟನೆ ತಗ್ಗಿತು. ಅಲ್ಲಿ ಇನ್ನೊಂದು ಕ್ಲಿಪ್ ಹಾಕಿ ಬಿಗಿದೆ, ಸರಿಹೋಯಿತು. ಪ್ರೆಶರ್ ಕಡೆಯ ಸೋರಿಕೆಯನ್ನು ಮಾತ್ರ ಯಾವತ್ತೂ ಕೈಯಿಂದ ಹುಡುಕಬೇಡಿ. ಸೂಜಿಮೊನೆಯಷ್ಟು ತೂತಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ, ಆಪರೇಷನ್ನೇ ಆಗಬೇಕಾಗುತ್ತದೆ. ರಟ್ಟಿನ ತುಂಡು ಆಡಿಸಿ ನೋಡಿ.

ಒತ್ತಡ ಮಿತಿ ಮೀರಿದರೆ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ರಿಲೀಫ್ ವಾಲ್ವಿನ ಸ್ಕ್ರೂ ಪೂರಾ ಸಡಿಲಿಸಿ, ಬಕೆಟ್ ಕೊನೆಗೆ ತಾಗಿಸಿ, ಗೇಜ್ ನೋಡ್ತಾ ಕಾಲು ಕಾಲು ಸುತ್ತು ಬಿಗಿದು 150 ಬಾರಿಗೆ ನಿಲ್ಲಿಸಿದೆ. ಪಂಪು 210ರ ತನಕ ತಡೆಯುತ್ತದಾದರೂ ಬಕೆಟ್ಟಿನ ತೋಳು ತಡೆಯಬೇಕಲ್ಲ! ಬಕೆಟ್ ತುದಿ ಮುಟ್ಟಿದ ಮೇಲೂ ಲಿವರ್ ಹಿಡಿದೇ ಕೂತರೆ ಎಣ್ಣೆಯೆಲ್ಲ ರಿಲೀಫ್ ಮೂಲಕ ನುಗ್ಗಿ ಬಿಸಿಯಾಗುತ್ತದೆ. ನಮ್ಮ ಹುಡುಗನಿಗೆ ಈ ಅಭ್ಯಾಸ ಬಿಡಿಸುವುದೇ ದೊಡ್ಡ ಕೆಲಸವಾಯಿತು. ಟ್ಯಾಂಕಿನ ಮೇಲೆ ಕೈ ಇಡಲಾಗದಷ್ಟು ಸುಟ್ಟರೆ ಕೆಲಸ ನಿಲ್ಲಿಸು ಅಂತ ಹೇಳಿಟ್ಟಿದ್ದೇನೆ.

ರೋಟಾವೇಟರ್ ಹೂಡುವ ಕಾಲಕ್ಕೆ ಪಂಪು ಇಳಿಸಬೇಕು, ಅದೊಂದು ಕಿರಿಕಿರಿ. ಎರಡು ಸರಪಳಿ, ಒಂದು ಲಾಕ್ ಪಿನ್ನು. ಹೋಸ್ ಬಿಚ್ಚುವುದಿಲ್ಲ, ಪಂಪನ್ನು ಟ್ಯಾಂಕಿನ ಪಕ್ಕದ ಕೊಕ್ಕೆಗೇ ನೇತುಹಾಕುತ್ತೇನೆ. ಬಿಚ್ಚಿದರೆ ಧೂಳು ಒಳಗೆ ಸೇರುವುದು ಖಂಡಿತ.