ಹುಲ್ಲುಹಾಸು ಹಳದಿಯಾಯಿತೇ? ಔಷಧಿಗೆ ಮೊದಲು ಎಳೆದು ನೋಡಿ

ಪುಣೆಯಲ್ಲಿ ಮಳೆ ಹಿಂದೆ ಸರಿಯುವ ಹೊತ್ತಿಗೆ ಬಂಗಲೆ, ಸೊಸೈಟಿಗಳ ಹುಲ್ಲುಹಾಸಿನಲ್ಲಿ ಹಳದಿ ಕಲೆಗಳು ಏಳುತ್ತವೆ. ಮಾಲಿ ಯೂರಿಯಾ ಎರಚುತ್ತಾನೆ, ಅಂಗಡಿಯವರು ಯಾವುದೋ ಡಬ್ಬಿ ಕೊಡುತ್ತಾರೆ. ಅದಕ್ಕೆ ಮೊದಲು ಕಲೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಹುಲ್ಲು ಮೆಲ್ಲಗೆ ಎಳೆಯಿರಿ. ನಡುವೆ ಹುಡುಕಬೇಡಿ, ಅಲ್ಲಿ ಎಲ್ಲ ಸತ್ತಾಗಿದೆ. ಹುಳವಾಗಲಿ ರೋಗವಾಗಲಿ ಜೀವಂತ ಸಿಗುವುದು ಹಸಿರು ಹಳದಿ ಕೂಡುವ ಕಡೆ.

ಹುಲ್ಲು ಚಾಪೆಯಂತೆ ಎದ್ದು ಬಂದರೆ ಬೇರು ಹೋಗಿದೆ. ಹೆಚ್ಚಾಗಿ ಇದು ಗೊಣ್ಣೆಹುಳದ ಕೆಲಸ, ಇಲ್ಲಿಯವರ ಬಾಯಲ್ಲಿ ‘ಹುಮಣಿ’. ಒಂದಡಿ ಚೌಕದ ಮೂರು ಬದಿಯನ್ನು 3 ಇಂಚು ಆಳ ಕೊಯ್ದು ಮಗುಚಿ. ಬಿಳಿ ಮೈ, ಕಂದು ತಲೆ, ಮುಂದೆ ಮೂರು ಜೊತೆ ಕಾಲು, ಮುಟ್ಟಿದರೆ ಅರ್ಧಚಂದ್ರದಂತೆ ಮುದುಡುತ್ತದೆ. ಒಂದೆರಡಿದ್ದರೆ ಮುಚ್ಚಿ ನೀರು ಕೊಡಿ, ಹುಲ್ಲು ಚೇತರಿಸಿಕೊಳ್ಳುತ್ತದೆ. ಐದಕ್ಕಿಂತ ಹೆಚ್ಚಾದರೆ ಮೆಟಾರೈಜಿಯಂ ಬೇಕು. ಅದು ಹುಳ ಕೊಲ್ಲುವ ಜೀವಂತ ಶಿಲೀಂಧ್ರ: ಸಂಜೆ, ಒದ್ದೆ ಮಣ್ಣಿಗೇ ಹಾಕಬೇಕು, ಬಿಸಿಲಿಗೆ ಸಾಯುತ್ತದೆ, ಅದರೊಂದಿಗೆ ಶಿಲೀಂಧ್ರನಾಶಕ ಬೆರೆಸಿದರೆ ದುಡ್ಡು ಮಣ್ಣುಪಾಲು. ಜುಲೈ–ಆಗಸ್ಟ್‌ನ ಎಳೆಹುಳ ಇದಕ್ಕೆ ಬಗ್ಗಿದಷ್ಟು ಬಲಿತದ್ದು ಬಗ್ಗುವುದಿಲ್ಲ. ಇನ್ನೂ ಒಳ್ಳೆಯದೆಂದರೆ ಜೂನ್‌ನ ಮೊದಲ ಮಳೆಯ ನಂತರ ಮುಸ್ಸಂಜೆ ಬೇವು, ಜಾಲಿ ಮರಗಳಿಗೆ ಮುತ್ತುವ, ಈ ಹುಳಕ್ಕೆ ಜನ್ಮಕೊಡುವ ದುಂಬಿಗಳನ್ನೇ ಕೊಂಬೆ ಅಲುಗಿಸಿ ಹಿಡಿಯುವುದು. ಅರೆಕೊಳೆತ ‘ಶೇಣಖತ’ವನ್ನಂತೂ (ಸಗಣಿ ಗೊಬ್ಬರ) ಹುಲ್ಲಿಗೆ ಹರಡಲೇಬೇಡಿ, ಹುಳ ಅದರೊಂದಿಗೇ ಬರುತ್ತದೆ.

ಬೇರು ಗಟ್ಟಿಯಿದ್ದು ಎಲೆ ಕಚ್ಚಿದಂತಿದ್ದರೆ, ಮೈನಾಗಳು ಒಂದೇ ಜಾಗ ಕುಕ್ಕುತ್ತಿದ್ದರೆ, ಸೈನಿಕ ಹುಳ ಇರಬಹುದು. 4 ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ ಒಂದು ಚದರ ಮೀಟರಿಗೆ ಸುರಿಯಿರಿ. ಹತ್ತು ನಿಮಿಷದಲ್ಲಿ ಹುಳ ಮೇಲೆ ಬರುತ್ತದೆ. ಗೊಣ್ಣೆಹುಳ ಮಾತ್ರ ಇದಕ್ಕೆ ಜಗ್ಗುವುದಿಲ್ಲ.

ರೋಗವನ್ನು ಇಬ್ಬನಿ ಆರುವ ಮುನ್ನವೇ ನೋಡಬೇಕು. ನಾಣ್ಯದಗಲದ ಬಿಳಿಚಿದ ಕಲೆ, ಮೇಲೆ ಜೇಡರ ಬಲೆಯಂಥ ನೂಲು ಕಂಡರೆ ಅದು ಡಾಲರ್ ಸ್ಪಾಟ್. ಹಸಿದ ಹುಲ್ಲಿಗೆ ಬರುವ ಕಾಯಿಲೆಯಿದು. ಚದರ ಮೀಟರಿಗೆ 10 ಗ್ರಾಂ ಯೂರಿಯಾ ಹಾಕಿ ನೀರುಣಿಸಿದರೆ ಬಹಳಷ್ಟು ಸಲ ತಹಬಂದಿಗೆ ಬರುತ್ತದೆ. ಅಡಿಗಟ್ಟಲೆ ಅಗಲದ ಕಂದು ಬಳೆಯಾದರೆ ಅದು ಬ್ರೌನ್ ಪ್ಯಾಚ್, ಅದಕ್ಕೆ ಯೂರಿಯಾ ಹಾಕಿದರೆ ಬೆಂಕಿಗೆ ತುಪ್ಪ ಸುರಿದಂತೆ. ಗೊಬ್ಬರ ನಿಲ್ಲಿಸಿ, ಸಂಜೆಯ ನೀರನ್ನು ಬೆಳಗಿನ ಜಾವಕ್ಕೆ ಬದಲಿಸಿ. ಮಳೆಗಾಲದಲ್ಲಿ ಎಣ್ಣೆ ಸವರಿದಂತೆ ಜಿಡ್ಡಾಗಿ, ಹತ್ತಿಯಂಥ ಬೂಜು ಕಟ್ಟುವುದು ಪಿಥಿಯಂ. ಒದ್ದೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸಿದರೆ ಅದರ ಚಕ್ರವೇ ರೋಗವನ್ನು ಅಂಗಳವೆಲ್ಲ ಹಂಚುತ್ತದೆ. ನಿಂತ ನೀರಿಗೆ ಮೊದಲು ದಾರಿ ಮಾಡಿ. ಎಲೆ ಉಜ್ಜಿದಾಗ ಬೆರಳಿಗೆ ಕಿತ್ತಳೆ ಪುಡಿ ಹತ್ತಿದರೆ ತುಕ್ಕು ರೋಗ.

ಸುತ್ತ ಕಡುಹಸಿರು, ನಡುವೆ ಸುಟ್ಟ ಕಲೆಯಾದರೆ ನಾಯಿಮೂತ್ರ, ನೀರು ಸುರಿದರೆ ಸಾಕು. ತುದಿ ಮಾತ್ರ ಹರಿದು ಬೆಳ್ಳಗಾಗಿದ್ದರೆ ಅದು ರೋಗವೇ ಅಲ್ಲ, ಯಂತ್ರದ ಬ್ಲೇಡ್ ಮೊಂಡಾಗಿದೆ, ಸಾಣೆ ಹಿಡಿಸಿ.