ಫಿಕ್ಸ್ಡ್ ಗೇರ್ ಸೈಕಲ್ಲು, ನಾಲ್ಕು ಜನ ಫ್ರೆಂಡ್ಸು, ಒಂದು ಕ್ಯಾಮೆರಾ: ನನ್ನ ಅನುಭವ

ಭಾನುವಾರ ಕಬ್ಬನ್ ಪಾರ್ಕ್ ಒಳಗಿನ ರೋಡಲ್ಲಿ ಗಾಡಿಗಳನ್ನ ಬಿಡಲ್ಲ, ಅದಕ್ಕೇ ನಾವು ನಾಲ್ಕು ಜನ ಫಿಕ್ಸ್ಡ್ ಗೇರ್ ಸೈಕಲ್ಲಲ್ಲಿ ಟ್ರಿಕ್ಸ್ ಮಾಡೋಕೆ ಬೆಳಗ್ಗೆ ಆರಕ್ಕೆಲ್ಲಾ ಅಲ್ಲಿ ಸೇರ್ತೀವಿ. ಮೊನ್ನೆ ವಾಕಿಂಗ್ ಬಂದಿದ್ದ ತಾತ ಒಬ್ರು ಸ್ವಲ್ಪ ಹೊತ್ತು ನಿಂತು ನೋಡಿ, "ಏನ್ರಪ್ಪಾ, ಸೈಕಲ್ ಸರ್ಕಸ್ಸಾ?" ಅಂದ್ರು. ಆ ಮಾತು ನಂಗೆ ತುಂಬಾ ಖುಷಿ ಕೊಡ್ತು. ಚಿಕ್ಕವನಿದ್ದಾಗ ನಮ್ಮೂರ ಮೈದಾನದಲ್ಲಿ ಟ್ಯೂಬ್‌ಲೈಟ್ ಕಟ್ಟಿ, ಮೈಕ್ ಹಾಕಿ, ಹಗಲೂ ರಾತ್ರಿ ಸೈಕಲ್ ಇಳೀದೇ ಸುತ್ತು ಹೊಡೀತಿದ್ರಲ್ಲ, ಸೈಕಲ್ ಮೇಲೇ ಸ್ನಾನ, ಸೈಕಲ್ ಮೇಲೇ ಊಟ, ಅದನ್ನ ಬಾಯಿ ಬಿಟ್ಕೊಂಡು ನೋಡ್ತಾ ನಿಂತಿದ್ದ ಹುಡುಗನೇ ನಾನು. ನಾವು ಈಗ ಮಾಡೋದೂ ಅದರ ತಮ್ಮನ ಥರಾನೇ ಅಂದ್ಕೋತೀನಿ.

ಫಿಕ್ಸ್ಡ್ ಅಂದ್ರೆ ಹಿಂದಿನ ಚಕ್ರದಲ್ಲಿ ಫ್ರೀವೀಲ್ ಇರಲ್ಲ. ಚಕ್ರ ತಿರುಗಿದ್ರೆ ಪೆಡಲ್ ತಿರುಗ್ಲೇಬೇಕು, ಕಾಲು ಸುಮ್ನೆ ಇಡೋ ಹಾಗೇ ಇಲ್ಲ, ಇಳಿಜಾರಲ್ಲೂ ಇಲ್ಲ. ಹಿಂದಕ್ಕೆ ತುಳಿದ್ರೆ ಸೈಕಲ್ಲೇ ಹಿಂದಕ್ಕೆ ಹೋಗುತ್ತೆ, ಅದಕ್ಕೆ ಫೇಕಿ ಅಂತೀವಿ. ವೆಲೋಡ್ರೋಮ್‌ನಲ್ಲಿ, ಅಂದ್ರೆ ಸೈಕಲ್ ರೇಸಿಗೇ ಕಟ್ಟಿರೋ ಟ್ರ್ಯಾಕಲ್ಲಿ, ರೇಸ್ ಓಡ್ಸೋ ಸೈಕಲ್ ಇದು, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋ ಕಡೆ ಕೊರಿಯರ್ ಹುಡುಗ್ರು ಇದನ್ನ ರೋಡಿಗೆ ತಂದ್ರು, ಆಮೇಲೆ ಬಿಎಂಎಕ್ಸ್ (ಚಿಕ್ಕ ಚಕ್ರದ ಸ್ಟಂಟ್ ಸೈಕಲ್) ಟ್ರಿಕ್ಸ್ ಎಲ್ಲಾ ಇದ್ರಲ್ಲೇ ಮಾಡೋಕೆ ಶುರು ಮಾಡಿದ್ರು. ಮೊದಲು ರೇಸಿನ ದೊಡ್ಡ, ತೆಳ್ಳಗಿನ 700ಸಿ ಸೈಜಿನ ಚಕ್ರದಲ್ಲೇ ಹಾರ್ತಿದ್ರು, ಫ್ರೇಮ್ ಬೆಂಡ್ ಆಗೋದು, ಹ್ಯಾಂಡಲ್ ತಿರುಗಿಸಿದ್ರೆ ಮುಂದಿನ ಟಯರ್ ಶೂಗೆ ತಾಗೋದು, ಅದಕ್ಕೇ ಅದಕ್ಕಿಂತ ಚಿಕ್ಕ 26 ಇಂಚಿನ ಚಕ್ರಕ್ಕೆ ಬಂದ್ರು. ಈಗ ನಮ್ಮ ಹತ್ರ ಇರೋ ಎರಡು ಟ್ರಿಕ್ ಸೈಕಲ್ಲೂ 26 ಇಂಚಿನವೇ.

ಶುರುನಲ್ಲಿ ನಾನು ಮಾಡಿದ ತಪ್ಪು ಹೇಳ್ಬಿಡ್ತೀನಿ, ಬೇರೆ ಯಾರೂ ಮಾಡ್ಬಾರ್ದು. ದುಡ್ಡಿರ್ಲಿಲ್ಲ, ಮನೇಲಿದ್ದ ಹಳೇ ಉಕ್ಕಿನ ಸೈಕಲ್ ತಗೊಂಡು ಫ್ರೀವೀಲ್ ಬಿಚ್ಚಿಸಿ ಅದೇ ಥ್ರೆಡ್ಡಿಗೆ ಟ್ರ್ಯಾಕ್ ಕಾಗ್ (ಹಿಂದೆ ಚೈನ್ ಕೂರೋ ಹಲ್ಲಿನ ಚಕ್ರ) ತಿರುಗಿಸಿ, ಮೇಲೆ ಬಾಟಮ್ ಬ್ರ್ಯಾಕೆಟ್‌ನ (ಪೆಡಲ್ ಆಕ್ಸಲ್ ಕೂರೋ ಭಾಗದ) ಲಾಕ್‌ರಿಂಗ್ ಬಿಗಿದು, ಗಮ್ ಹಾಕಿ ಓಡ್ಸೋಕೆ ಶುರು ಮಾಡಿದೆ. ಒಂದು ವಾರ ಚೆನ್ನಾಗೇ ಇತ್ತು. ಮಲ್ಲೇಶ್ವರಂ ಇಳಿಜಾರಲ್ಲಿ ಒಂದ್ಸಲ ಆಟೋ ಅಡ್ಡ ಬಂತು, ಜೋರಾಗಿ ಹಿಂದಕ್ಕೆ ಒತ್ತಿದೆ ನೋಡಿ, ಕಾಗ್ ಲಟ್ ಅಂತ ಬಿಚ್ಕೊಂಡು ಪೆಡಲ್ ಖಾಲಿ ತಿರುಗ್ತು. ಮುಂದಿನ ಬ್ರೇಕ್ ಒಂದು ಇದ್ದಿದ್ದಕ್ಕೆ ಬದುಕಿದೆ, ಮೊಣಕೈ ಸಿಪ್ಪೆ ಸುಲಿದು ಹೋಯ್ತು ಅಷ್ಟೇ. ಕಾರಣ ಆಮೇಲೆ ಗೊತ್ತಾಯ್ತು. ಸರಿಯಾದ ಟ್ರ್ಯಾಕ್ ಹಬ್‌ನಲ್ಲಿ (ಹಬ್ ಅಂದ್ರೆ ಚಕ್ರದ ನಡುವಿನ ಭಾಗ) ಲಾಕ್‌ರಿಂಗ್‌ನ ಥ್ರೆಡ್ ಉಲ್ಟಾ ಇರುತ್ತೆ, ಹಿಂದಕ್ಕೆ ಒತ್ತಿದಾಗ ಕಾಗ್ ಬಿಚ್ಕೊಳ್ಳೋಕೆ ನೋಡಿದ್ರೂ ಅದು ಲಾಕ್‌ರಿಂಗನ್ನ ಇನ್ನೂ ಬಿಗಿ ಮಾಡುತ್ತೆ. ನಾನು ಹಾಕಿದ್ದು ಎರಡೂ ಒಂದೇ ದಿಕ್ಕಿನ ಥ್ರೆಡ್, ಒಂದರ ಜೊತೆ ಇನ್ನೊಂದೂ ಬಂತು. ಫ್ರೇಮ್ ಹಳೇದಾದ್ರೂ ಪರ್ವಾಗಿಲ್ಲ, ಹಬ್ ಮಾತ್ರ ಟ್ರ್ಯಾಕ್ ಹಬ್ಬೇ ಹಾಕಿ, ಮುಂದಿನ ಬ್ರೇಕ್ ತೆಗೀಬೇಡಿ, ಶೂ ಲೇಸ್ ಒಳಗೆ ಸಿಕ್ಸಿ. ಲೇಸ್ ಚೈನಿಗೆ ಸಿಕ್ಕಿದ್ರೆ ಈ ಸೈಕಲ್ ನಿಲ್ಲಲ್ಲ, ಕಾಲನ್ನೇ ಎಳ್ಕೊಂಡು ಹೋಗುತ್ತೆ.

ನಮ್ಮಲ್ಲಿ ಎಲ್ಲಾರ್ಗಿಂತ ಚೆನ್ನಾಗಿ ಓಡ್ಸೋನು ವಿಜಯಪುರದವನು. ಆ ಕಡೆ, ಬಾಗಲಕೋಟೆ ಕಡೆ ಎಲ್ಲಾ ಸೈಕಲ್ ರೇಸ್ ಅಂದ್ರೆ ಜೀವ, ಇವನೂ ಹುಡುಗನಿದ್ದಾಗ ರೇಸ್ ಓಡ್ಸಿದಾನೆ. ನಂಗೆ ಸ್ಕಿಡ್ ಕಲಿಸಿದ್ದೂ ಅವನೇ. ಮೈ ಭಾರ ಹ್ಯಾಂಡಲ್ ಮೇಲೆ ಹಾಕಿ, ಸೀಟಿಂದ ಎದ್ದು, ಎರಡೂ ಪೆಡಲ್ ಸಮ ಬಂದಾಗ ಕಾಲು ಗಟ್ಟಿ ಹಿಡೀಬೇಕು, ಹಿಂದಿನ ಚಕ್ರ ನಿಂತು ಜಾರುತ್ತೆ. ನಾನು ಹೆದರಿ ಅರ್ಧಕ್ಕೇ ಬಿಟ್ಬಿಡ್ತಿದ್ದೆ. "ಹೆದರಬ್ಯಾಡೋ ತಮ್ಮಾ, ಕಾಲ ಬಿಡಬ್ಯಾಡ ಅಷ್ಟ, ಉಳದದ್ದು ಸೈಕಲ್ ನೋಡ್ಕೊತದ" ಅಂತ ಪಕ್ಕದಲ್ಲೇ ಓಡ್ತಾ ಹೇಳ್ತಿದ್ದ. ಒಂದು ತಿಂಗಳಲ್ಲಿ ಸ್ಕಿಡ್ ಬಂತು, ಟಯರ್ ಮಾತ್ರ ಒಂದೇ ಜಾಗದಲ್ಲಿ ಸವೆದು ದಾರ ಕಾಣ್ತು. ನನ್ನ ಗೇರು 48ಕ್ಕೆ 16, ಪೆಡಲ್ ಹತ್ರ 48 ಹಲ್ಲು, ಹಿಂದಿನ ಕಾಗ್‌ಗೆ 16, ಅಂದ್ರೆ ಪೆಡಲ್ ಒಂದು ಸುತ್ತಿಗೆ ಚಕ್ರ ಸರಿಯಾಗಿ ಮೂರು ಸುತ್ತು, ಹಾಗಾಗಿ ಅದೇ ಕಾಲು ಮುಂದಿಟ್ಟು ಪ್ರತಿ ಸಲ ಸ್ಕಿಡ್ ಮಾಡಿದಾಗ್ಲೂ ಟಯರ್‌ನ ಅದೇ ಜಾಗ ನೆಲಕ್ಕೆ ಉಜ್ಜುತ್ತೆ. 17 ಹಲ್ಲಿನ ಕಾಗ್ ಹಾಕಿದ ಮೇಲೆ ಆ ಸವೆತ 17 ಜಾಗಕ್ಕೆ ಹಂಚ್ಕೊಂಡು ಹೋಯ್ತು. ಒಂದೇ ಒಂದು ಹಲ್ಲು, ಇಷ್ಟು ವ್ಯತ್ಯಾಸ!

ಈಗ ಫೋಟೋ ವಿಷಯ, ನಂಗೆ ಜಾಸ್ತಿ ಹೇಳ್ಬೇಕಾಗಿರೋದು ಇದೇ. ಮೊದಲು ನಾನೂ ಎಲ್ಲಾರ ಥರ ಬಟನ್ ಒತ್ತಿ ಹಿಡಿದು ಬರ್ಸ್ಟ್, ಅಂದ್ರೆ ಒಂದರ ಹಿಂದೆ ಒಂದು ಫೋಟೋ, ಹೊಡೀತಿದ್ದೆ. ಇನ್ನೂರು ಫೋಟೋ ತಗೊಂಡು ಮನೇಗೆ ಬಂದು ನೋಡಿದ್ರೆ ಒಂದ್ರಲ್ಲೂ ಜೀವ ಇರ್ತಿರ್ಲಿಲ್ಲ. ಬಾರ್‌ಸ್ಪಿನ್ ಅಂದ್ರೆ ಮುಂದಿನ ಚಕ್ರ ಎತ್ತಿ, ಕೈ ಬಿಟ್ಟು, ಹ್ಯಾಂಡಲ್ ಒಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಹಿಡಿಯೋದು. ಅದು ಅರ್ಧ ಸುತ್ತಲ್ಲಿದ್ದಾಗ ಫೋಟೋ ಬಂದ್ರೆ ಹ್ಯಾಂಡಲ್ ನೇರ ಇದ್ದ ಹಾಗೇ ಕಾಣುತ್ತೆ, ನಮ್ಮ ಅಕ್ಕ ಅಂಥದ್ದೊಂದು ನೋಡಿ "ಸುಮ್ನೆ ನಿಂತಿದಾನಲ್ಲೋ" ಅಂದ್ಲು. ಕಾಲು ಸುತ್ತು ತಿರುಗಿದಾಗ, ಚಕ್ರ ಫ್ರೇಮಿಗೆ ಅಡ್ಡಡ್ಡ ನಿಂತು ಎರಡೂ ಕೈ ಗಾಳೀಲಿ ಇರುತ್ತಲ್ಲ, ಆ ಗಳಿಗೆ ಬೇಕು. ಅದು ಕಣ್ಣಿಗೆ ಕಂಡ ಮೇಲೆ ಒತ್ತಿದ್ರೆ ಆಗ್ಲೇ ಹೋಗ್ಬಿಟ್ಟಿರುತ್ತೆ.

ದಾರಿ ಸಿಕ್ಕಿದ್ದು ಸೈಕಲ್ಲಿಂದಾನೇ. ಬಿಎಂಎಕ್ಸ್‌ನವರು ಪೆಡಲ್ ಸಮ ಮಾಡ್ಕೊಂಡು ತೇಲ್ಕೊಂಡು ಬಂದು ಬೇಕಾದಲ್ಲಿ ಎಗರ್ಬಹುದು. ಫಿಕ್ಸ್ಡ್‌ನಲ್ಲಿ ಆಗಲ್ಲ, ಕಾಲು ತಿರುಗ್ತಾನೇ ಇರುತ್ತೆ, ಎಗರೋ ಜಾಗಕ್ಕೂ ಪೆಡಲ್ ಸಮ ಆಗೋ ಗಳಿಗೆಗೂ ತಾಳೆ ಆಗ್ಬೇಕು. ವಿಜಯಪುರದವನ ಸೈಕಲ್ 28ಕ್ಕೆ 13, ಪೆಡಲ್ ಒಂದು ಸುತ್ತಿಗೆ ಸುಮಾರು ನಾಲ್ಕೂವರೆ ಮೀಟರ್ ಮುಂದೆ ಹೋಗುತ್ತೆ. ಅದಕ್ಕೇ ಅವನು ಎಗರೋ ಜಾಗದಿಂದ ಹಿಂದಕ್ಕೆ ಲೆಕ್ಕ ಹಾಕಿ ಸೀಮೆಸುಣ್ಣದಲ್ಲಿ ಗೆರೆ ಹಾಕ್ತಾನೆ, ನಾಲ್ಕು ಸುತ್ತಿಗೆ ಹದಿನೆಂಟು ಮೀಟರ್, ಮೊದಲ ಗೆರೇಲಿ ಎಡಗಾಲು ಮುಂದೆ ಇರೋ ಹಾಗೆ ನೋಡ್ಕೋತಾನೆ. ನಾನೂ ಅವನ ಜೊತೆ ಎಣಿಸೋಕೆ ಶುರು ಮಾಡಿದೆ. ನಾನೂ ಅಂಥದ್ದೇ ಸೈಕಲ್ ಓಡ್ಸೋನಾದ್ರಿಂದ ಎಣಿಸೋದು ಬಾಯಲ್ಲಲ್ಲ, ಕೂತಲ್ಲೇ ನನ್ನ ತೊಡೇಲೇ ಗೊತ್ತಾಗುತ್ತೆ, ಒಂದು, ಎರಡು, ಮೂರು, ನಾಲ್ಕು ಅನ್ನೋವಾಗ್ಲೇ ಬೆರಳು ಒತ್ತಿರುತ್ತೆ. ಫೋಕಸ್ ಮೊದಲೇ ಗೆರೆ ಮೇಲೆ ಮಾಡಿ ಲಾಕ್ ಮಾಡಿಟ್ಟಿರ್ತೀನಿ. ಮರದ ನೆರಳಲ್ಲಿ ಶಟರ್ ಸೆಕೆಂಡಿನ 1/1000, ಲೆನ್ಸ್ ಬಾಯಿ ಎಫ್ 2.8, ಬೆಳಕಿನ ಸೂಕ್ಷ್ಮತೆ ಐಎಸ್‌ಒ 1600 ಇಲ್ಲಾ 3200, ಗ್ರೇನ್ ಬಂದ್ರೆ ಬರ್ಲಿ. ಲೆನ್ಸ್ 35 ಎಂಎಂ. ಫಿಶ್‌ಐ (ತುಂಬಾ ಅಗಲ ತೋರಿಸಿ, ಅಂಚು ಬಾಗಿಸೋ ಲೆನ್ಸ್) ಹಾಕಿದ್ರೆ ಆರು ಇಂಚು ಎಗರಿದ್ದೂ ಎರಡಡಿ ಥರ ಕಾಣುತ್ತೆ, ನಂಗೆ ಅದು ಬೇಡ, ಅವನು ಎಷ್ಟು ಎಗರಿದಾನೋ ಅಷ್ಟೇ ಕಾಣ್ಲಿ. ಯಾವಾಗ್ಲೂ ಒಂದು ಪಕ್ಕಕ್ಕೆ ಕೂರ್ತೀನಿ, ಸೈಕಲ್ ಬರೋ ಗೆರೆ ಮೇಲೆ ಅಲ್ಲವೇ ಅಲ್ಲ.

ಸ್ಕಿಡ್‌ಗೆ ಇದೆಲ್ಲಾ ಉಲ್ಟಾ. ಶಟರ್ 1/60ಕ್ಕೆ ಇಳಿಸಿ, ಸೈಕಲ್ ಜೊತೆ ಸೊಂಟದಿಂದ ತಿರುಗ್ತಾ ಪ್ಯಾನ್ ಮಾಡ್ಬೇಕು. ಸರಿ ಬಂದ್ರೆ ಮುಂದಿನ ಚಕ್ರದ ಕಡ್ಡಿ ಎಲ್ಲಾ ಕಲಸಿ ಹೋಗಿರುತ್ತೆ, ಹಿಂದಿನ ಚಕ್ರದ ಕಡ್ಡಿ ಒಂದೊಂದೂ ಎಣಿಸ್ಬಹುದು, ಯಾಕಂದ್ರೆ ಅದು ನಿಂತಿದೆ, ಫ್ರೇಮ್ ಜೊತೆ ಜಾರ್ತಿದೆ ಅಷ್ಟೇ. ಹಿಂದಿನ ಬ್ರೇಕೇ ಇಲ್ಲದ ಸೈಕಲ್ಲಲ್ಲಿ ಹಿಂದಿನ ಚಕ್ರ ಮಾತ್ರ ಹಾಗೆ ನಿಂತಿರೋದು ಒಂದು ಫೋಟೋದಲ್ಲಿ ಕಾಣ್ಸೋದು ನಂಗೆ ಬಾರ್‌ಸ್ಪಿನ್‌ಗಿಂತ ಇಷ್ಟ. ಚರ್ಚ್ ಸ್ಟ್ರೀಟಲ್ಲಿ ಬೆಳಗಿನ ಜಾವ ಪ್ರಯತ್ನ ಮಾಡಿದ್ವಿ, ಅಲ್ಲಿನ ಕಲ್ಲುಹಾಸಿನ ಮೇಲೆ ಟಯರ್ ಕುಣಿಯುತ್ತೆ, ನೀಟಾಗಿ ಜಾರಲ್ಲ, ಡಾಂಬರೇ ವಾಸಿ. ಇನ್ನೊಂದು, ಬೀದಿ ದೀಪದ ಕೆಳಗೆ ತೆಗೆದ್ರೆ ಕೆಲವು ಫೋಟೋಲಿ ಕಪ್ಪು ಪಟ್ಟೆ ಬರುತ್ತೆ, ನಮ್ಮ ಕರೆಂಟು 50 ಹರ್ಟ್ಸ್, ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತೆ, ಶಟರ್ 1/100 ಇಲ್ಲಾ 1/50 ಇಟ್ರೆ ಸಾಮಾನ್ಯವಾಗಿ ಸರಿ ಹೋಗುತ್ತೆ.

ಹೋದ ಭಾನುವಾರ ವಿಜಯಪುರದವನ ಬಾರ್‌ಸ್ಪಿನ್ ಕೊನೆಗೂ ನಾನು ಅಂದ್ಕೊಂಡ ಹಾಗೆ ಬಂತು. ಎಷ್ಟು ಸಲ ಮಾಡ್ಸಿದ್ನೋ ಲೆಕ್ಕ ಇಟ್ಟಿಲ್ಲ, ಎಂಟು ಗಂಟೆ ಬಿಸಿಲು ಎಲೆ ಸಂದಿಯಿಂದ ರೋಡಿಗೆ ಬೀಳೋಕೆ ಶುರು ಆಗಿತ್ತು, ಅವನ ಬೆನ್ನೆಲ್ಲಾ ಒದ್ದೆ, "ಇನ್ನೊಂದs ಸಲ" ಅಂತ ಅವನೇ ಹೇಳಿ ಗೆರೆ ಹತ್ರ ಹೋದ. ಚಕ್ರ ಅಡ್ಡ, ಎರಡೂ ಕೈ ಬಿಚ್ಚಿ ಎದೆ ಎತ್ತರಕ್ಕೆ, ಸೀಟು ಮೊಣಕಾಲ ಮಧ್ಯ, ಕಣ್ಣು ಹ್ಯಾಂಡಲ್ ಮೇಲೆ. ಅಲ್ಲೇ ಫುಟ್‌ಪಾತ್ ಮೇಲೆ ಕೂತು ಫೋನಿಗೆ ಹಾಕ್ಕೊಂಡು ಅವ್ವಗೆ ಕಳಿಸಿದ. ಹತ್ತು ನಿಮಿಷಕ್ಕೆ ಫೋನ್ ಬಂತು, ಸ್ಪೀಕರ್‌ಗೆ ಹಾಕ್ದ. ಹಲೋನೂ ಇಲ್ಲ, "ಹ್ಯಾಂಡಲ್ ಯಾಕ ಬಿಟ್ಟಿಯೋ, ಬಿದ್ರ ಏನ್ ಮಾಡ್ತಿ?" ಅಂತ ಅವರು ಕೇಳಿದ್ದೇ ತಡ, ನಾವು ನಾಲ್ಕೂ ಜನ ಎದ್ದು ಕುಣಿದ್ವಿ. ಆಮೇಲೆ ಅವರೇ ಮೆಲ್ಲಗೆ, ಅದನ್ನ ದೊಡ್ಡದು ಮಾಡ್ಸಿ ಕಳ್ಸು ಅಂದ್ರು. ನಾಳೆ ಪ್ರಿಂಟ್ ಹಾಕ್ಸೋಕೆ ಹೋಗ್ತಿದೀನಿ, 12ಕ್ಕೆ 18 ಇಂಚು.